ನೆಟ್ ಹೋದಾಗ ಗಲ್ಲೆ ನಿಲ್ಲದಿರಲಿ: ಬಿಲ್ಲಿಂಗ್ ಕಂಪ್ಯೂಟರಿಗೆ ಮೊಬೈಲ್ ಹಾಟ್‌ಸ್ಪಾಟ್ ಜೋಡಿಸುವ ಕ್ರಮ



ತುಂಬಿದ ಗ್ಯಾಸ್ ಸಿಲಿಂಡರ್ ಒಂದನ್ನು ಹೆಚ್ಚಿಗೆ ಇಟ್ಟುಕೊಳ್ಳದ ಹೋಟೆಲಿನವರು ನಮ್ಮಲ್ಲಿ ಯಾರೂ ಇಲ್ಲ. ಕರೆಂಟ್ ಹೋದರೆ ಇನ್ವರ್ಟರ್ ಇದೆ, ನೀರು ಬಾರದಿದ್ದರೆ ಟ್ಯಾಂಕರಿನವನ ನಂಬರ್ ಇದೆ, ದೋಸೆ ಭಟ್ಟರು ಊರಿಗೆ ಹೋದರೆ ಕೈ ಕೊಡಲು ಇನ್ನೊಬ್ಬರು ಇದ್ದಾರೆ. ಆದರೆ ಇಂಟರ್ನೆಟ್ ನಿಂತರೆ ಏನು ಮಾಡುತ್ತೀ ಎಂದು ಗಲ್ಲೆಯಲ್ಲಿ ಕುಳಿತ ಹುಡುಗನನ್ನು ಕೇಳಿ ನೋಡಿ. "ಧಣಿಗಳಿಗೆ ಫೋನ್ ಮಾಡುತ್ತೇನೆ" ಎನ್ನುತ್ತಾನೆ. ಧಣಿಗಳು ಬ್ರಾಡ್‌ಬ್ಯಾಂಡಿನವನಿಗೆ ಫೋನ್ ಮಾಡುತ್ತಾರೆ. ಅವನು "ರಸ್ತೆ ಅಗೆಯುವಾಗ ಕೇಬಲ್ ಕಟ್ ಆಗಿದೆ, ಸಂಜೆಯೊಳಗೆ ಸರಿಯಾಗುತ್ತದೆ" ಎನ್ನುತ್ತಾನೆ. ಸಂಜೆಯವರೆಗೆ ಮಧ್ಯಾಹ್ನದ ಊಟದ ವ್ಯಾಪಾರ ಕಾಯುವುದಿಲ್ಲ.

ಇದಕ್ಕೆ ಪರಿಹಾರ ಎಲ್ಲರ ಕಿಸೆಯಲ್ಲೂ ಇದೆ. ಮೊಬೈಲ್ ಫೋನಿನ ಇಂಟರ್ನೆಟ್ಟನ್ನು ಕಂಪ್ಯೂಟರಿಗೆ ಹಂಚಿಕೊಡುವ ಹಾಟ್‌ಸ್ಪಾಟ್ ಸೌಲಭ್ಯ ಈಗಿನ ಸಾಮಾನ್ಯ ಫೋನಿನಲ್ಲೂ ಇರುತ್ತದೆ. ನಾನು ಓದಿದ್ದು ಹತ್ತನೇ ತರಗತಿಯವರೆಗೆ ಮಾತ್ರ, ಕಂಪ್ಯೂಟರ್ ಕ್ಲಾಸಿಗೆ ಹೋದವನಲ್ಲ. ನನಗೆ ಅರ್ಥವಾದ ಭಾಷೆಯಲ್ಲೇ ಬರೆಯುತ್ತೇನೆ. ಮಕ್ಕಳಿಗೆ ಗೊತ್ತಿದೆ ಎಂದು ಬಿಡಬೇಡಿ, ನೆಟ್ ಹೋಗುವ ಹೊತ್ತಿನಲ್ಲಿ ಮಕ್ಕಳು ಕಾಲೇಜಿನಲ್ಲಿರುತ್ತಾರೆ.

ಮೊದಲು ನೆಟ್ ಹೋದರೆ ನಮ್ಮಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ತಿಳಿದಿರಬೇಕು. ಹೆಸರು ಹೇಳದೆ ಹೆದರುವುದು ಬೇಡ. ಯುಪಿಐ ಹಣ ಬಂತು ಎಂದು ಕೂಗಿ ಹೇಳುವ ಡಬ್ಬಿಯಲ್ಲಿ ಸಾಮಾನ್ಯವಾಗಿ ಅದರದೇ ಸಿಮ್ ಇರುತ್ತದೆ, ಆದ್ದರಿಂದ ಅದು ನಡೆಯುತ್ತಿರುತ್ತದೆ. ಗ್ರಾಹಕರು ಕ್ಯೂಆರ್ ಸ್ಕ್ಯಾನ್ ಮಾಡಿ ಹಣ ಕೊಡುವುದು ಅವರ ಫೋನಿನ ನೆಟ್‌ನಿಂದ. ಕಾರ್ಡ್ ಮೆಷಿನ್ ಸಿಮ್‌ನದ್ದೋ ನಿಮ್ಮ ವೈಫೈಗೆ ಕಟ್ಟಿದ್ದೋ ಎಂದು ಇಂದೇ ನೋಡಿಕೊಳ್ಳಿ. ನಿಲ್ಲುವುದು ಕಂಪ್ಯೂಟರಿನಲ್ಲಿ ಬರುವ ಆನ್‌ಲೈನ್ ಪಾರ್ಸೆಲ್ ಆರ್ಡರ್ ಮತ್ತು ನೆಟ್ ಮೇಲೆಯೇ ನಡೆಯುವ ಬಿಲ್ಲಿಂಗ್. ಕೆಲವು ಬಿಲ್ಲಿಂಗ್ ಸಾಫ್ಟ್‌ವೇರ್ ನೆಟ್ ಇಲ್ಲದಿದ್ದರೂ ಬಿಲ್ ತೆಗೆದು ಕಂಪ್ಯೂಟರಿನಲ್ಲೇ ಇಟ್ಟುಕೊಂಡು, ನೆಟ್ ಬಂದ ಮೇಲೆ ಮೇಲಕ್ಕೆ ಕಳುಹಿಸುತ್ತದೆ. ಬ್ರೌಸರಿನಲ್ಲಿ ತೆರೆಯುವ ಸಾಫ್ಟ್‌ವೇರ್ ಹೆಚ್ಚಾಗಿ ಹಾಗಲ್ಲ, ನೆಟ್ ಹೋದೊಡನೆ ಕೈಕಟ್ಟಿ ಕೂರುತ್ತದೆ. ನಿಮ್ಮದು ಯಾವ ಜಾತಿಯದು ಎಂದು ಸಾಫ್ಟ್‌ವೇರ್ ಕೊಟ್ಟವರನ್ನು ಕೇಳಿ ತಿಳಿದುಕೊಳ್ಳಿ. ಪಾರ್ಸೆಲ್ ಆರ್ಡರಿನದ್ದು ಇನ್ನೂ ಅವಸರದ ವಿಷಯ. ಬಂದ ಆರ್ಡರಿಗೆ ಹೊತ್ತಿಗೆ ಸರಿಯಾಗಿ ಒಪ್ಪಿಗೆ ಕೊಡದಿದ್ದರೆ ಅದು ರದ್ದಾಗುತ್ತದೆ, ಗ್ರಾಹಕ ಪಕ್ಕದ ಹೋಟೆಲಿಗೆ ಹೋಗುತ್ತಾನೆ.

ವೈಫೈ ಬೇರೆ, ಇಂಟರ್ನೆಟ್ ಬೇರೆ

ನಮ್ಮವರಲ್ಲಿ ಹೆಚ್ಚು ಗೊಂದಲ ಇರುವುದು ಇಲ್ಲಿ. ವೈಫೈ ಗುರುತು ಪೂರ್ತಿ ಕಾಣುತ್ತಿದೆ, ಆದರೆ ನೆಟ್ ಬರುತ್ತಿಲ್ಲ, ಇದು ಹೇಗೆ ಎಂದು ಕೇಳುತ್ತಾರೆ. ವೈಫೈ ಎಂದರೆ ಕಂಪ್ಯೂಟರಿನಿಂದ ರೌಟರ್‌ವರೆಗೆ ಇರುವ ತಂತಿಯಿಲ್ಲದ ಹಾದಿ ಮಾತ್ರ. ರೌಟರಿಗೆ ಹೊರಗಿನಿಂದ ಬರುವ ಕೇಬಲ್ ಕಡಿದಿದ್ದರೂ ಒಳಗಿನ ಹಾದಿ ಸರಿಯಾಗಿಯೇ ಇರುತ್ತದೆ. ಮೇಲಿನ ಟ್ಯಾಂಕಿನಲ್ಲಿ ನೀರಿಲ್ಲದಿದ್ದರೂ ನಲ್ಲಿ ತಿರುಗುತ್ತದಲ್ಲವೇ, ಹಾಗೆ.

ಹಾಟ್‌ಸ್ಪಾಟಿನಲ್ಲಿ ಫೋನೇ ರೌಟರ್ ಆಗುತ್ತದೆ. ಟವರಿನಿಂದ ಫೋನಿಗೆ ಒಂದು ಹಾದಿ, ಫೋನಿನಿಂದ ಕಂಪ್ಯೂಟರಿಗೆ ಇನ್ನೊಂದು ಹಾದಿ. ಎರಡೂ ಸರಿಯಿದ್ದರೆ ಮಾತ್ರ ನೆಟ್. ಫೋನನ್ನು ಕಂಪ್ಯೂಟರಿನ ಮಗ್ಗುಲಲ್ಲೇ ಇಡಬೇಕೆಂದು ಎಲ್ಲರೂ ತಿಳಿದಿದ್ದಾರೆ. ಅಗತ್ಯವಿಲ್ಲ. ಒಳಗಿನ ಕೋಣೆಯಲ್ಲಿ ಫೋನಿಗೆ ಟವರ್ ಸಿಗದಿದ್ದರೆ ಕಂಪ್ಯೂಟರಿಗೆ ಅಂಟಿಸಿಟ್ಟರೂ ಪ್ರಯೋಜನವಿಲ್ಲ. ಟವರ್ ಚೆನ್ನಾಗಿ ಸಿಗುವ ಕಿಟಕಿಯ ಬಳಿ, ಕಂಪ್ಯೂಟರಿನಿಂದ ನಾಲ್ಕೈದು ಮೀಟರ್ ದೂರದಲ್ಲಿ ಇಟ್ಟರೆ ಕೆಲಸ ನಡೆಯುತ್ತದೆ.

ಕಂಪ್ಯೂಟರಿನಲ್ಲಿ ವೈಫೈ ಇದೆಯೇ?

ಲ್ಯಾಪ್‌ಟಾಪ್ ಆದರೆ ಇದ್ದೇ ಇರುತ್ತದೆ. ಗಲ್ಲೆಯ ಮೇಜಿನ ಕೆಳಗೆ ಡಬ್ಬಿ ಇಟ್ಟ ಹಳೆಯ ಕಂಪ್ಯೂಟರುಗಳಲ್ಲಿ ಹೆಚ್ಚಿನದರಲ್ಲಿ ಇರುವುದಿಲ್ಲ. ನೋಡುವುದು ಸುಲಭ: ಪರದೆಯ ಕೆಳಗೆ ಬಲಮೂಲೆಯಲ್ಲಿ ಗಡಿಯಾರದ ಹತ್ತಿರ ಇರುವ ನೆಟ್‌ವರ್ಕ್ ಗುರುತನ್ನು ಒತ್ತಿ. ವೈಫೈ ಎಂಬ ಮನೆ ಕಂಡರೆ ಇದೆ, ಕಾಣದಿದ್ದರೆ ಹೆಚ್ಚಾಗಿ ಇಲ್ಲ. ಇಲ್ಲದವರು ಯುಎಸ್‌ಬಿ ತೂತಿಗೆ ಚುಚ್ಚುವ ಹೆಬ್ಬೆರಳಿನಷ್ಟು ಗಾತ್ರದ ವೈಫೈ ಡಾಂಗಲ್ ಹಾಕಿಸಿಕೊಳ್ಳಬಹುದು. ಕೆಲವೇ ನೂರು ರೂಪಾಯಿಯ ಮಾಲು.

ಡಾಂಗಲ್ ಇಲ್ಲದೆಯೂ ಒಂದು ದಾರಿ ಇದೆ, ನನಗೆ ಅದೇ ಹೆಚ್ಚು ಇಷ್ಟ. ಫೋನ್ ಚಾರ್ಜ್ ಮಾಡುವ ಯುಎಸ್‌ಬಿ ಕೇಬಲ್ಲಿನಿಂದ ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಜಾಗದಲ್ಲೇ ಇರುವ ಯುಎಸ್‌ಬಿ ಟೆಥರಿಂಗ್ ಎಂಬುದನ್ನು ಆನ್ ಮಾಡಿದರೆ ಆಯಿತು. ಪಾಸ್‌ವರ್ಡ್ ಬೇಡ, ಫೋನ್ ಚಾರ್ಜ್ ಆಗುತ್ತಲೇ ಇರುತ್ತದೆ, ಪಕ್ಕದವರು ನಮ್ಮ ನೆಟ್ ಕದಿಯುವ ಭಯವೂ ಇಲ್ಲ. ಎರಡು ಮಾತು ನೆನಪಿಡಿ. ಕೆಲವು ಅಗ್ಗದ ಕೇಬಲ್ಲುಗಳು ಚಾರ್ಜಿಗೆ ಮಾತ್ರ, ಅವುಗಳಲ್ಲಿ ನೆಟ್ ಹರಿಯುವುದಿಲ್ಲ, ಆಗ ಟೆಥರಿಂಗ್ ಬಟನ್ ಮಂಕಾಗಿಯೇ ಇರುತ್ತದೆ. ಮತ್ತು ಐಫೋನ್ ಇದ್ದವರು ವಿಂಡೋಸ್ ಕಂಪ್ಯೂಟರಿನಲ್ಲಿ ಆಪಲ್ ಕಂಪನಿಯ ಸಾಫ್ಟ್‌ವೇರನ್ನು ಮೊದಲೇ ಹಾಕಿಸಿರಬೇಕಾಗುತ್ತದೆ.

ಫೋನಿನಲ್ಲಿ ಮಾಡುವುದು

ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಅಥವಾ ಕನೆಕ್ಷನ್ಸ್ ಎಂಬಲ್ಲಿ ಹೋದರೆ ಹಾಟ್‌ಸ್ಪಾಟ್ ಮತ್ತು ಟೆಥರಿಂಗ್ ಎಂದಿರುತ್ತದೆ. ಕಂಪನಿಯಿಂದ ಕಂಪನಿಗೆ ಹೆಸರು ಸ್ವಲ್ಪ ಬದಲಾಗುತ್ತದೆ. ಅಲ್ಲಿ ಹಾಟ್‌ಸ್ಪಾಟಿನ ಹೆಸರು ಮತ್ತು ಪಾಸ್‌ವರ್ಡ್ ಇಡುವ ಜಾಗವಿದೆ. ಹೆಸರಿನಲ್ಲಿ ಹೋಟೆಲಿನ ಬೋರ್ಡಿನ ಹೆಸರು ಇಡಬೇಡಿ, ಟೇಬಲಿನಲ್ಲಿ ಕುಳಿತ ಗ್ರಾಹಕರು ಅದನ್ನು ತಮಗಾಗಿ ಇಟ್ಟ ವೈಫೈ ಎಂದು ತಿಳಿದು ಪಾಸ್‌ವರ್ಡ್ ಕೇಳುತ್ತಾರೆ. ಪಾಸ್‌ವರ್ಡ್ ಕನಿಷ್ಠ 8 ಅಕ್ಷರ ಇರಬೇಕೆಂಬುದು ನಿಯಮ, 12 ಇರಲಿ. ಹೋಟೆಲಿನ ಫೋನ್ ನಂಬರನ್ನೇ ಇಡುವ ಅಭ್ಯಾಸ ನಮ್ಮಲ್ಲಿ ಬಹಳ. ಅದು ಬಿಲ್ಲಿನ ಮೇಲೆಯೇ ಅಚ್ಚಾಗಿರುತ್ತದೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ನೇತುಹಾಕಿದಂತೆ.

ಅದೇ ಜಾಗದಲ್ಲಿ ಬ್ಯಾಂಡ್ ಎಂದು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಆಯ್ಕೆ ಇರುತ್ತದೆ. ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಇದ್ದರೂ ಕಂಪ್ಯೂಟರಿನಲ್ಲಿ ಅದರ ಹೆಸರೇ ಕಾಣದಿದ್ದರೆ ಕಾರಣ ಹೆಚ್ಚಾಗಿ ಇದೇ. ಹಳೆಯ ಕಂಪ್ಯೂಟರ್ ಮತ್ತು ಅಗ್ಗದ ಡಾಂಗಲ್‌ಗಳಿಗೆ 5 ಗಿಗಾಹರ್ಟ್ಸ್ ಹಿಡಿಯಲು ಬರುವುದಿಲ್ಲ. ಫೋನಿನಲ್ಲಿ 2.4 ಮಾಡಿದರೆ ಹೆಸರು ಕಾಣುತ್ತದೆ. ಐಫೋನಿನಲ್ಲಿ ಸೆಟ್ಟಿಂಗ್ಸ್ ಒಳಗೆ ಪರ್ಸನಲ್ ಹಾಟ್‌ಸ್ಪಾಟ್ ಎಂದಿದೆ. ಐಫೋನ್ 12 ಮತ್ತು ನಂತರದವುಗಳಲ್ಲಿ ಅಲ್ಲಿರುವ ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ ಎಂಬುದನ್ನು ಆನ್ ಮಾಡಿದರೆ 2.4 ಆಗುತ್ತದೆ. ಕಂಪ್ಯೂಟರ್ ಜೋಡಣೆ ಆಗುವವರೆಗೆ ಐಫೋನಿನಲ್ಲಿ ಆ ಪುಟವನ್ನು ತೆರೆದೇ ಇಡಿ.

ಯಾರೂ ಬಳಸದಿದ್ದರೆ ಕೆಲವು ನಿಮಿಷದಲ್ಲಿ ಹಾಟ್‌ಸ್ಪಾಟ್ ತಾನೇ ಆರಿಹೋಗುವ ಸೆಟ್ಟಿಂಗ್ ಅನೇಕ ಫೋನುಗಳಲ್ಲಿದೆ. ಮತ್ತೆ ಮತ್ತೆ ಆರುತ್ತಿದ್ದರೆ ಅದನ್ನು ತೆಗೆದುಬಿಡಿ.

ಕಂಪ್ಯೂಟರಿನಲ್ಲಿ ಮಾಡುವುದು

ಬಲಮೂಲೆಯ ನೆಟ್‌ವರ್ಕ್ ಗುರುತು ಒತ್ತಿ, ವೈಫೈ ಆನ್ ಮಾಡಿದರೆ ಸುತ್ತಮುತ್ತಲಿನ ಹೆಸರುಗಳೆಲ್ಲ ಸಾಲಾಗಿ ಬರುತ್ತವೆ. ನಮ್ಮ ಫೋನಿನ ಹೆಸರು ಒತ್ತಿ, ಕನೆಕ್ಟ್ ಒತ್ತಿ, ಪಾಸ್‌ವರ್ಡ್ ಹಾಕಿ. ದೊಡ್ಡಕ್ಷರ ಚಿಕ್ಕಕ್ಷರ ಸರಿಯಾಗಿರಬೇಕು, ಕ್ಯಾಪ್ಸ್ ಲಾಕ್ ಆನ್ ಇದ್ದು ಹತ್ತು ಸಲ ತಪ್ಪು ಹೊಡೆಯುವವರೇ ಹೆಚ್ಚು. ಕನೆಕ್ಟ್ ಆಟೊಮ್ಯಾಟಿಕಲಿ ಎಂಬಲ್ಲಿ ಗುರುತು ಹಾಕಬೇಡಿ. ಹಾಕಿದರೆ ಬೇಡದ ಹೊತ್ತಿನಲ್ಲೂ ಕಂಪ್ಯೂಟರ್ ಫೋನಿನ ನೆಟ್ಟಿಗೆ ಹೋಗಿ ಕುಳಿತಿರಬಹುದು. ಪಬ್ಲಿಕ್ ಅಥವಾ ಪ್ರೈವೇಟ್ ಎಂದು ಕೇಳಿದರೆ ಪಬ್ಲಿಕ್ ಇರಲಿ. ಕಂಪ್ಯೂಟರನ್ನು ಪಬ್ಲಿಕ್ ಮಾಡುವುದೆಂದು ಅರ್ಥವಲ್ಲ. ಈ ನೆಟ್‌ವರ್ಕ್ ಸಾರ್ವಜನಿಕವಾದದ್ದು, ಆದ್ದರಿಂದ ನನ್ನನ್ನು ಇತರರಿಗೆ ತೋರಿಸಬೇಡ ಎಂದು ಹೇಳಿದಂತೆ.

ಮೊದಲ ಸಲ ಜೋಡಿಸಿದಾಗ ಇನ್ನೊಂದು ಕೆಲಸ ಮುಗಿಸಿಬಿಡಿ. ಆ ಹೆಸರಿನ ಪ್ರಾಪರ್ಟೀಸ್ ಒಳಗೆ ಮೀಟರ್ಡ್ ಕನೆಕ್ಷನ್ ಎಂದಿದೆ, ಅದನ್ನು ಆನ್ ಮಾಡಿ. ನಮ್ಮ ಫೋನ್ ಪ್ಲಾನುಗಳಲ್ಲಿ ದಿನಕ್ಕೆ ಇಂತಿಷ್ಟು ಜಿಬಿ ಎಂದು ಮಿತಿ ಇರುತ್ತದೆ. ಬಿಲ್ಲಿಂಗಿಗೆ ಬೇಕಾಗುವ ನೆಟ್ ಬಹಳ ಕಡಿಮೆ. ಆದರೆ ವಿಂಡೋಸ್ ತನ್ನ ಅಪ್‌ಡೇಟ್ ಇಳಿಸಿಕೊಳ್ಳಲು ಕುಳಿತರೆ ಒಂದು ದಿನದ ಪಾಲು ಅರ್ಧ ಗಂಟೆಯಲ್ಲಿ ಮುಗಿಯಬಹುದು. ಮೀಟರ್ಡ್ ಮಾಡಿದರೆ ದೊಡ್ಡ ಅಪ್‌ಡೇಟುಗಳನ್ನು ಹೆಚ್ಚಾಗಿ ತಡೆಹಿಡಿಯುತ್ತದೆ. ಅಪ್‌ಡೇಟ್ ಬೇಡವೇ ಬೇಡ ಎಂದಲ್ಲ, ಬ್ರಾಡ್‌ಬ್ಯಾಂಡ್ ಬಂದ ಮೇಲೆ ಆಗಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಗಲ್ಲೆಯಲ್ಲಿ ಇನ್ನೂ ಅದನ್ನೇ ಇಟ್ಟುಕೊಂಡವರು ಕಂಪ್ಯೂಟರಿನವರೊಡನೆ ಮಾತಾಡುವುದು ಒಳ್ಳೆಯದು.

ಅಡುಗೆಮನೆಯ ಪ್ರಿಂಟರ್ ನಿಂತರೆ?

ಇಷ್ಟರವರೆಗಿನದು ಯಾರೂ ಹೇಳಿಕೊಡುತ್ತಾರೆ. ಹೋಟೆಲಿನವರಿಗೆ ನಿಜವಾದ ತೊಂದರೆ ಶುರುವಾಗುವುದು ಇಲ್ಲಿಂದ. ಹಾಟ್‌ಸ್ಪಾಟ್ ಜೋಡಿಸಿದಿರಿ, ನೆಟ್ ಬಂತು, ಆನ್‌ಲೈನ್ ಆರ್ಡರ್ ಬಂತು, ಆದರೆ ಒಳಗೆ ಭಟ್ಟರ ಕೈಗೆ ಕೆಒಟಿ ಚೀಟಿ ಬರುತ್ತಿಲ್ಲ.

ಕಾರಣ ಸರಳ. ಅಡುಗೆಮನೆಯ ಪ್ರಿಂಟರ್ ಯುಎಸ್‌ಬಿ ಕೇಬಲ್ಲಿನಿಂದ ನೇರ ಕಂಪ್ಯೂಟರಿಗೆ ಬಂದಿದ್ದರೆ ಚಿಂತೆಯಿಲ್ಲ. ಆದರೆ ಎರಡು ಮೂರು ಪ್ರಿಂಟರ್ ಇರುವಲ್ಲಿ, ದೋಸೆಗೆ ಒಂದು, ಚೈನೀಸಿಗೆ ಒಂದು, ಜ್ಯೂಸಿಗೆ ಒಂದು ಎಂದಿರುವಲ್ಲಿ, ಅವೆಲ್ಲ ರೌಟರಿಗೆ ಬಂದಿರುತ್ತವೆ. ಕಂಪ್ಯೂಟರ್ ರೌಟರಿನ ವೈಫೈಯಲ್ಲಿದ್ದರೆ ಮಾತ್ರ ಅವುಗಳೊಡನೆ ಮಾತಾಡುತ್ತದೆ. ಕಂಪ್ಯೂಟರಿನ ಒಂದು ವೈಫೈ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಕಡೆ ಜೋಡಿಸಿಕೊಳ್ಳುತ್ತದೆ. ಫೋನಿನ ಕಡೆ ತಿರುಗಿದೊಡನೆ ರೌಟರನ್ನೂ ಅದರ ಜೊತೆ ಪ್ರಿಂಟರುಗಳನ್ನೂ ಬಿಟ್ಟಿತು. ಕ್ಯಾಪ್ಟನ್‌ಗಳು ಮೊಬೈಲಿನಲ್ಲಿ ಆರ್ಡರ್ ತೆಗೆದುಕೊಂಡು ಗಲ್ಲೆಯ ಕಂಪ್ಯೂಟರಿಗೆ ಕಳುಹಿಸುವ ಪದ್ಧತಿ ಇದ್ದರೆ ಅದೂ ನಿಲ್ಲುತ್ತದೆ.

ಇದಕ್ಕೆ ಉಪಾಯ, ಗಲ್ಲೆಯ ಕಂಪ್ಯೂಟರಿನಿಂದ ರೌಟರಿಗೆ ಲ್ಯಾನ್ ಕೇಬಲ್ ಎಳೆಸುವುದು. ಪ್ರಿಂಟರಿನ ಮಾತುಕತೆ ಕೇಬಲ್ಲಿನಲ್ಲಿ, ನೆಟ್ ಫೋನಿನ ಹಾಟ್‌ಸ್ಪಾಟಿನಿಂದ. ಆದರೆ ಇಲ್ಲೂ ಒಂದು ಗಂಟು ಇದೆ. ಕೇಬಲ್ ಮತ್ತು ವೈಫೈ ಎರಡೂ ಇದ್ದರೆ ವಿಂಡೋಸ್ ಸಾಮಾನ್ಯವಾಗಿ ಕೇಬಲ್ಲಿಗೇ ಮೊದಲ ಮಣೆ ಹಾಕುತ್ತದೆ. ಹೊರಗಿನ ಲೈನ್ ಸತ್ತಿದ್ದರೂ ರೌಟರ್ ದೀಪ ಉರಿಯುತ್ತಾ ಜೀವಂತವಾಗಿದೆ, ಹಾಗಾಗಿ ಕಂಪ್ಯೂಟರ್ ತನ್ನ ಕೆಲಸವನ್ನೆಲ್ಲ ಅದರ ಬಾಗಿಲಿಗೇ ಒಯ್ದು ಸುರಿಯುತ್ತದೆ. ಹಾಟ್‌ಸ್ಪಾಟ್ ಕನೆಕ್ಟೆಡ್ ಎಂದು ಕಾಣುತ್ತದೆ, ನೆಟ್ ಬರುವುದಿಲ್ಲ. ಹುಡುಗ ಫೋನನ್ನೂ ಸಿಮ್ಮನ್ನೂ ಬೈಯುತ್ತಾ ಕೂರುತ್ತಾನೆ.

ಇದನ್ನು ಕಂಪ್ಯೂಟರ್ ರಿಪೇರಿಯವರಿಂದ ಒಮ್ಮೆ ಸರಿಮಾಡಿಸಿದರೆ ಮುಗಿಯಿತು. ಅವರಿಗೆ ಹೀಗೆ ಹೇಳಿ: "ಇಂಟರ್‌ಫೇಸ್ ಮೆಟ್ರಿಕ್ ಬದಲಿಸಿ, ವೈಫೈಗೆ ಚಿಕ್ಕ ಅಂಕೆ, ಕೇಬಲ್ಲಿಗೆ ದೊಡ್ಡ ಅಂಕೆ ಇಡಿ." ಚಿಕ್ಕ ಅಂಕೆ ಇದ್ದದ್ದಕ್ಕೆ ಮೊದಲ ಮರ್ಯಾದೆ. ಆಮೇಲೆ ಹಾಟ್‌ಸ್ಪಾಟ್ ಇದ್ದಾಗ ನೆಟ್ ಅಲ್ಲಿಂದ, ಅದು ಇಲ್ಲದಾಗ ಕೇಬಲ್ಲಿನಿಂದ, ಪ್ರಿಂಟರ್ ಯಾವಾಗಲೂ ಕೇಬಲ್ಲಿನಿಂದ. ಗೊತ್ತಿದ್ದವರಿಗೆ ಐದು ನಿಮಿಷದ ಕೆಲಸ. ಸಾಫ್ಟ್‌ವೇರ್ ಕೊಟ್ಟ ಕಂಪನಿಯವರು ಇದನ್ನು ತಾವಾಗಿ ಹೇಳುವುದು ಕಡಿಮೆ, ಕೇಳಿದರೆ ದೂರದಿಂದಲೇ ಮಾಡಿಕೊಡಬಹುದು.

ದಿನಕ್ಕೆ ನೂರಾರು ಪಾರ್ಸೆಲ್ ಇರುವವರಿಗೆ ನನ್ನ ಅಭಿಪ್ರಾಯ ಬೇರೆ. ಅವರು ಸಿಮ್ ಹಾಕಲು ಬರುವ ಅಥವಾ ಎರಡು ಲೈನ್ ಹಿಡಿಯುವ ರೌಟರನ್ನೇ ಹಾಕಿಸಲಿ. ಒಂದು ಲೈನ್ ಹೋದರೆ ತಾನೇ ಇನ್ನೊಂದಕ್ಕೆ ಹೋಗುವಂತೆ ಅದನ್ನು ಹೊಂದಿಸಬಹುದು, ಒಳಗೆ ಏನೂ ಬದಲಾಗುವುದಿಲ್ಲ. ಎರಡು ಲೈನ್ ತೆಗೆದುಕೊಳ್ಳುವುದಾದರೆ ಒಂದೇ ಕಂಬದಿಂದ ಬರುವ ಎರಡು ಬೇಡ, ಅಗೆದರೆ ಎರಡೂ ಒಟ್ಟಿಗೆ ಹೋಗುತ್ತವೆ.

ಸ್ಟೀಲ್, ಮೈಕ್ರೋವೇವ್ ಮತ್ತು ಒಲೆ

ವೈಫೈಗೆ ನಮ್ಮ ಹೋಟೆಲಿನಷ್ಟು ಕಷ್ಟದ ಜಾಗ ಇನ್ನೊಂದಿಲ್ಲ. ಸ್ಟೀಲ್ ಕಪಾಟು, ಸ್ಟೀಲ್ ಕೌಂಟರ್, ಡೀಪ್ ಫ್ರೀಜರ್ ಇವೆಲ್ಲ ವೈಫೈ ಅಲೆಗಳನ್ನು ತಡೆಯುತ್ತವೆ. ಫೋನನ್ನು ಸ್ಟೀಲ್ ಡ್ರಾಯರಿನಲ್ಲಿಟ್ಟು ಮುಚ್ಚಿದರೆ ಟವರೂ ಇಲ್ಲ, ವೈಫೈಯೂ ಇಲ್ಲ. ಮೈಕ್ರೋವೇವ್ ಓವನ್ ಕೆಲಸ ಮಾಡುವುದು ಸುಮಾರು 2.45 ಗಿಗಾಹರ್ಟ್ಸ್ ಅಲೆಯಲ್ಲಿ, ಅಂದರೆ 2.4ರ ವೈಫೈಯ ಬೀದಿಯಲ್ಲೇ. ಓವನ್ನಿನ ಬಾಗಿಲಿನ ಸಂದಿಯಿಂದ ಹೊರಬರುವ ಸ್ವಲ್ಪ ಅಲೆಯೂ ಪಕ್ಕದ ವೈಫೈಗೆ ಗಲಾಟೆಯೇ. ಗಲ್ಲೆಯ ಬಳಿ ಪಫ್ ಬಿಸಿಮಾಡಲು ಓವನ್ ಇಟ್ಟವರು, ಅದು ತಿರುಗುವಾಗಲೆಲ್ಲ ನೆಟ್ ತೊದಲುತ್ತದೆಯೇ ಎಂದು ಗಮನಿಸಿ. ಹೌದಾದರೆ ಓವನ್ ದೂರ ಸರಿಸಿ, ಇಲ್ಲವೇ ಕಂಪ್ಯೂಟರಿಗೆ ಬರುವುದಾದರೆ 5 ಗಿಗಾಹರ್ಟ್ಸಿಗೆ ಹೋಗಿ.

ಹಾಟ್‌ಸ್ಪಾಟ್ ಇಟ್ಟ ಫೋನ್ ಬಿಸಿಯಾಗುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಚಾರ್ಜರಿಗೆ ಹಾಕಿಡಿ, ಇಡ್ಲಿ ಸ್ಟೀಮರಿನ ಹಬೆ ತಾಗುವಲ್ಲಿ ಬೇಡ. ಎರಡು ಸಿಮ್‌ನ ಫೋನಿನಲ್ಲಿ ಒಂದು ಸಿಮ್‌ಗೆ ಕರೆ ಬಂದಾಗ ಇನ್ನೊಂದರ ನೆಟ್ ನಿಲ್ಲಬಹುದು. ತರಕಾರಿಯವನು ಫೋನ್ ಮಾಡಿದಾಗಲೆಲ್ಲ ಬಿಲ್ಲಿಂಗ್ ನಿಂತರೆ ಯಾರಿಗೆ ಬೇಕು? ಮನೆಯಲ್ಲಿ ಬಿದ್ದಿರುವ ಹಳೆಯ 4ಜಿ ಫೋನಿಗೆ ಬೇರೆಯೇ ಒಂದು ಸಿಮ್ ಹಾಕಿ ಗಲ್ಲೆಗೆಂದೇ ಇಡುವುದು ಉತ್ತಮ. ಮ್ಯಾನೇಜರರ ಸ್ವಂತ ಫೋನನ್ನು ನಂಬಿ ಕೂರಬೇಡಿ, ಅವರು ಬ್ಯಾಂಕಿಗೆ ಹೋದರೆ ನೆಟ್ಟೂ ಅವರೊಂದಿಗೆ ಹೋಯಿತು.

ಹೊರಗಿನ ಕೇಟರಿಂಗ್ ಮಾಡುವ ಬಂಧುಗಳಿಗೂ ಇದೇ ಮಾತು ಅನ್ವಯ. ಮದುವೆ ಹಾಲಿನ ಅಡುಗೆಮನೆ ಹೆಚ್ಚಾಗಿ ನೆಲಮಾಳಿಗೆಯಲ್ಲಿರುತ್ತದೆ, ಟವರ್ ಸಿಗುವುದಿಲ್ಲ. ಮುಂಗಡ ಕೊಟ್ಟು ಬರುವ ದಿನವೇ ಫೋನಿನಲ್ಲಿ ನೋಡಿಕೊಂಡು ಬನ್ನಿ. ಹಾಲಿನ ವೈಫೈ ಕೊಡುತ್ತೇವೆಂದರೆ, ಜೋಡಿಸಿದ ಮೇಲೆ ಬ್ರೌಸರಿನಲ್ಲಿ ಮೊಬೈಲ್ ನಂಬರ್ ಮತ್ತು ಒಟಿಪಿ ಕೇಳುವ ಪುಟ ಬರಬಹುದು. ಪುಟ ತಾನೇ ಬರದಿದ್ದರೆ ಬ್ರೌಸರ್ ತೆರೆದು ನೋಡಿ. ಆದರೆ ಅಂಥ ಬಹಿರಂಗ ವೈಫೈಯಲ್ಲಿ ಬ್ಯಾಂಕಿನ ಕೆಲಸ ಮಾಡದಿರುವುದೇ ಕ್ಷೇಮ.

ಗ್ರಾಹಕರಿಗೆ ಬೇರೆ ಬಾಗಿಲು

ನಮ್ಮ ನೆಟ್ ನಮ್ಮ ಕಂಪ್ಯೂಟರಿಗೆ ಬರುವ ವಿಷಯ ಆಯಿತು. ನಮ್ಮ ನೆಟ್ಟಿನಲ್ಲಿ ಇನ್ನೊಬ್ಬರು ಬರುವ ವಿಷಯ ಇದಕ್ಕಿಂತ ದೊಡ್ಡದು. "ವೈಫೈ ಪಾಸ್‌ವರ್ಡ್ ಏನು?" ಎಂದು ಗ್ರಾಹಕರು ಕೇಳಿದಾಗ ಗಲ್ಲೆಯ ಪಾಸ್‌ವರ್ಡನ್ನೇ ಹೇಳುವ ಹೋಟೆಲುಗಳು ಈಗಲೂ ಇವೆ.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟವಾದಾಗ, ಅದಕ್ಕೆ ತುಸು ಮೊದಲು ಟಿವಿ ವಾಹಿನಿಗಳಿಗೆ ಒಂದು ಇಮೇಲ್ ಹೋಗಿತ್ತು. ಪೊಲೀಸರು ಜಾಡು ಹಿಡಿದು ಬಂದದ್ದು ನಮ್ಮ ನವಿ ಮುಂಬಯಿಗೆ, ಅಲ್ಲಿ ವಾಸವಿದ್ದ ಒಬ್ಬ ಅಮೆರಿಕ ಪ್ರಜೆಯ ಮನೆಗೆ. ಅವರ ವೈಫೈಯನ್ನು ಬೇರೆ ಯಾರೋ ಬಳಸಿ ಆ ಇಮೇಲ್ ಕಳುಹಿಸಿದ್ದರು. ಪೊಲೀಸರಿಗೆ ಮೊದಲು ಸಿಗುವುದು ಲೈನ್ ಯಾರ ಹೆಸರಿನಲ್ಲಿದೆ ಎಂಬ ವಿಳಾಸ. ನಮ್ಮ ಹೋಟೆಲಿನ ಲೈನ್ ನಮ್ಮ ಹೆಸರಿನಲ್ಲಿದೆ. ಆ ಬಳಿಕ 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ, ವೈಫೈ ಬಳಸುವವರ ಗುರುತು ದಾಖಲಾಗಿರಬೇಕೆಂದು ಸೂಚನೆ ಹೊರಡಿಸಿತು. ವಿಮಾನ ನಿಲ್ದಾಣದಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ ವೈಫೈಗೆ ಒಟಿಪಿ ಕೇಳುವುದು ಸುಮ್ಮನೆ ಅಲ್ಲ.

ಆದ್ದರಿಂದ ಗ್ರಾಹಕರಿಗೆ ವೈಫೈ ಕೊಡುವುದಾದರೆ ಒಟಿಪಿ ಪದ್ಧತಿ ಇರುವ ಸೇವೆಯವರಿಂದ ಹಾಕಿಸಿ, ಅದೂ ಬೇರೆ ಲೈನಿನಲ್ಲಿ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಾಣಿ ಯೋಜನೆಯಲ್ಲಿ ಚಹಾ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ವೈಫೈ ಕೊಡಬಹುದು. ಆಸಕ್ತಿ ಇದ್ದವರು ವಿಚಾರಿಸಬಹುದು. ಕೊಡಲೇಬೇಕೆಂದಿಲ್ಲ ಎಂಬುದು ನನ್ನ ಮಾತು. ಈಗ ಎಲ್ಲರ ಫೋನಿನಲ್ಲೂ ನೆಟ್ ಇದೆ, ಟೇಬಲ್ ಬೇಗ ಖಾಲಿಯಾಗಬೇಕಾದ ಉಡುಪಿ ಹೋಟೆಲಿಗೆ ವೈಫೈ ಏಕೆ? ಕೆಲಸದ ಹುಡುಗರು ರಾತ್ರಿ ಮನೆಗೆ ವಿಡಿಯೋ ಕಾಲ್ ಮಾಡಲು ಕೇಳಿದರೆ ಬೇಡ ಎನ್ನಬೇಡಿ. ರೌಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬುದಿರುತ್ತದೆ, ಅದನ್ನು ಅವರಿಗಾಗಿ ಆನ್ ಮಾಡಿ. ಸರಿಯಾಗಿ ಹೊಂದಿಸಿದರೆ ಅವರಿಗೆ ನೆಟ್ ಸಿಗುತ್ತದೆ, ಗಲ್ಲೆಯ ಕಂಪ್ಯೂಟರ್ ಮತ್ತು ಪ್ರಿಂಟರ್ ಕಾಣುವುದಿಲ್ಲ. ಕೆಲಸ ಬಿಟ್ಟವರಿಗೆ ಗಲ್ಲೆಯ ಪಾಸ್‌ವರ್ಡ್ ಗೊತ್ತಿದ್ದರೆ ಲೆಕ್ಕ ಚುಕ್ತಾ ಮಾಡಿದ ದಿನವೇ ಅದನ್ನು ಬದಲಿಸಿ.

ಕೊನೆಗೆ, ಇದನ್ನು ಓದಿ ಪತ್ರಿಕೆ ಮಡಚಿಟ್ಟರೆ ಏನೂ ಆಗದು. ವಾರದ ನಡುವೆ ಯಾವುದಾದರೂ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ, ವ್ಯಾಪಾರ ತಣ್ಣಗಿರುವಾಗ, ರೌಟರಿಗೆ ಹೊರಗಿನಿಂದ ಬರುವ ಲೈನನ್ನು ಮಾತ್ರ ತೆಗೆಯಿರಿ, ರೌಟರಿನ ಕರೆಂಟ್ ತೆಗೆಯಬೇಡಿ. ಫೈಬರ್ ತಂತಿ ನಾಜೂಕು, ಅದನ್ನು ಎಳೆಯದೆ ಲೈನಿನ ಡಬ್ಬಿ ಬೇರೆಯಿದ್ದರೆ ಅದರಿಂದ ರೌಟರಿಗೆ ಬರುವ ಕೇಬಲ್ ಬಿಚ್ಚಿದರೆ ಸಾಕು. ಎಲ್ಲ ಒಂದೇ ಡಬ್ಬಿಯಾಗಿದ್ದರೆ ಕಂಪ್ಯೂಟರಿನವರು ಬಂದ ದಿನ ಮಾಡಿಸಿ. ಗಲ್ಲೆಯ ಹುಡುಗನಿಗೆ ಫೋನ್ ಕೊಟ್ಟು ಜೋಡಿಸಲು ಹೇಳಿ. ನೀವು ಬಾಯಿ ಹಾಕಬೇಡಿ. ಒಂದು ಬಿಲ್, ಒಂದು ಕೆಒಟಿ, ಒಂದು ಆನ್‌ಲೈನ್ ಆರ್ಡರ್ ಮೂರೂ ಬರುವವರೆಗೆ ನೋಡಿ. ರಾತ್ರಿ ಪಾಳಿಯವನಿಂದಲೂ ಒಮ್ಮೆ ಮಾಡಿಸಿ. ಹಾಟ್‌ಸ್ಪಾಟಿನ ಹೆಸರು, ಪಾಸ್‌ವರ್ಡ್ ಮತ್ತು ಸಿಮ್‌ನ ರೀಚಾರ್ಜ್ ಮುಗಿಯುವ ತಾರೀಕನ್ನು ಒಂದು ಚೀಟಿಯಲ್ಲಿ ಬರೆದು ಗಲ್ಲೆಯ ಡ್ರಾಯರಿನ ಒಳಬದಿಗೆ ಅಂಟಿಸಿ. ಹಿಂದಿನ ಗೋಡೆಯ ಮೇಲೆ ದೇವರ ಪಟದ ಕೆಳಗೆ ಬೇಡ, ಅಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ.